ಕಳಸ ಓಡಿಸಿದ ಕದಿರಪ್ಪ

ಹೊಸೂರು ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ, ಸೈಕಲ್ ಅಂಗಡಿಯ ಮೇಲಿನ ರಾಮಚಂದ್ರಪ್ಪನ ವಿಡಿಯೋ ಸ್ಟುಡಿಯೋದಲ್ಲಿ ಕದಿರಪ್ಪನಿಗೆ ತಿಂಗಳ ಸಂಬಳದ ಕೆಲಸ. ಮಗ ಏನು ಮಾಡ್ತಾನೆ ಅಂತ ಊರಲ್ಲಿ ಯಾರಾದರೂ ಕೇಳಿದರೆ ಅವನಪ್ಪ ‘ಯಾವುದೋ ಟೀವಿ ಅಂಗಡಿ’ ಎಂದು ಮಾತು ಮುಗಿಸುತ್ತಿದ್ದ. ಕದಿರಪ್ಪನನ್ನೇ ಕೇಳಿದರೆ ‘ಎಡಿಟಿಂಗ್’ ಅನ್ನುತ್ತಿದ್ದ, ಅದೂ ಕತ್ತು ಸ್ವಲ್ಪ ಓರೆ ಮಾಡಿಕೊಂಡು. ನಿಜ ಹೇಳಬೇಕೆಂದರೆ ಬೆಳಿಗ್ಗೆ ಕಸ ಗುಡಿಸುವುದು, ಮದುವೆಮನೆಗಳಲ್ಲಿ ಕ್ಯಾಮೆರಾ ಹೊತ್ತ ರಾಮಚಂದ್ರಪ್ಪನ ಹಿಂದೆ ಲೈಟು ಎತ್ತಿ ಹಿಡಿದು ವೈರು ಎಳೆದುಕೊಂಡು ಓಡಾಡುವುದು. ಇಷ್ಟು ಮುಗಿದು ಮಿಕ್ಕ ಹೊತ್ತಿನಲ್ಲಿ ಎಡಿಟಿಂಗ್.

ಕೆಲಮಂಗಲದ ಕಡೆಯ ಹಳ್ಳಿಯವನು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತಮಿಳು, ಸಂತೆಯಲ್ಲಿ ತೆಲುಗು. ಮೂರರಲ್ಲೂ ಸುಳ್ಳು ಹೇಳಲು ಬರುತ್ತಿತ್ತು, ಪರೀಕ್ಷೆ ಬರೆಯಲು ಮಾತ್ರ ಯಾವುದರಲ್ಲೂ ಬರಲಿಲ್ಲ. ಹೊಸೂರಿನಲ್ಲಿ ಸಾಲಾಗಿ ಫ್ಯಾಕ್ಟರಿಗಳು ಎದ್ದ ಕಾಲದಲ್ಲಿ ಊರಿನ ಹುಡುಗರೆಲ್ಲ ನೀಲಿ ಅಂಗಿ ತೊಟ್ಟು ಶಿಫ್ಟಿಗೆ ಹೊರಟರು. ಕದಿರಪ್ಪನೂ ಒಂದು ಕಡೆ ಹೋಗಿದ್ದ. ಕಬ್ಬಿಣದ ತುಂಡೊಂದನ್ನು ಕೊಟ್ಟು ಉಜ್ಜಿ ನಯ ಮಾಡು ಅಂದರಂತೆ. ಇವನು ಹೆಬ್ಬೆರಳಿನ ಉಗುರನ್ನೇ ನಯ ಮಾಡಿಕೊಂಡು, ರಕ್ತ ಒರೆಸಿಕೊಳ್ಳುತ್ತ ಹೊರಗೆ ಬಂದ. ಆ ಹೆಬ್ಬೆರಳೇ ಎಂಬತ್ತೇಳನೆಯ ಇಸವಿಯ ಹೊತ್ತಿಗೆ ಸ್ಟುಡಿಯೋದ ಆಸ್ತಿಯಾಯಿತು.

ಸ್ಟುಡಿಯೋದಲ್ಲಿ ಎರಡು ಡೆಕ್ಕುಗಳಿದ್ದವು. ಒಂದರಲ್ಲಿ ಮದುವೆಯ ಕ್ಯಾಸೆಟ್ ಓಡುತ್ತಿತ್ತು, ಇನ್ನೊಂದು ಅದನ್ನು ನಕಲು ಮಾಡಿಕೊಳ್ಳುತ್ತಿತ್ತು. ಓಡುವ ಡೆಕ್ಕಿಗೆ ಬಿಲ್ಲೆಯಂಥ ಒಂದು ಡಯಲ್. ಎಡಕ್ಕೆ ತಿರುಗಿಸಿದರೆ ಚಿತ್ರ ನಿಧಾನ, ಬಲಕ್ಕೆ ತಿರುಗಿಸಿದರೆ ಓಟ. ಎರಡರಲ್ಲೂ ಮಾತು ಸತ್ತುಹೋಗುತ್ತಿತ್ತು, ಆ ಜಾಗಕ್ಕೆ ಹಾಡನ್ನೋ ವಾದ್ಯವನ್ನೋ ತುಂಬಬೇಕು. ಸುಮ್ಮನೆ ತಿರುಗಿಸಿದರೂ ಆಗದು. ಗಬಕ್ಕನೆ ತಿರುಗಿಸಿದರೆ ಪರದೆಯ ಮೇಲೆ ಬಿಳಿ ಗೆರೆ ಎದ್ದು ಮದುಮಗಳ ಮುಖ ಎರಡು ಹೋಳಾಗುತ್ತಿತ್ತು. ಹಾಲು ಉಕ್ಕಿ ಬರುವಾಗ ಸ್ಟವ್ವಿನ ಉರಿ ತಗ್ಗಿಸುವ ಹೆಂಗಸಿನ ಹದ ಬೇಕು ಬೆರಳಿಗೆ. ಕದಿರಪ್ಪನಿಗೆ ಆ ಹದ ಸಿಕ್ಕಿತ್ತು. ಮಾಮೂಲಿ ನಡೆಯುತ್ತಿರುವ ಮದುವೆ ಎಲ್ಲಿ ನಿಧಾನಕ್ಕೆ ಜಾರಿತು, ಎಲ್ಲಿ ಮತ್ತೆ ಏರಿತು ಎನ್ನುವುದು ನೋಡುವವರಿಗೆ ಗೊತ್ತೇ ಆಗುತ್ತಿರಲಿಲ್ಲ. ತಾಳಿ ಕಟ್ಟುವಾಗ ಜಾರಿಸುವುದು, ಅಕ್ಕಿಕಾಳು ಗಾಳಿಯಲ್ಲಿ ತೇಲಿಸುವುದು. ಊಟದ ಪಂಕ್ತಿ ಬಂದಾಗ ಏರಿಸುವುದು, ನೆಂಟರೆಲ್ಲ ಕೋಳಿ ಕುಕ್ಕಿದ ಹಾಗೆ ಅನ್ನ ಕುಕ್ಕುವುದು. ಜನಕ್ಕೆ ಇದರ ಹುಚ್ಚು ಹಿಡಿದಿತ್ತು. ‘ಆ ಅಕ್ಕಿ ತೇಲಾಡೋ ಥರ ಹಾಕ್ಕೊಡ್ರಪ್ಪ’ ಎಂದು ಕೇಳಿಕೊಂಡೇ ಬರುತ್ತಿದ್ದರು. ಆಗೆಲ್ಲ ಕದಿರಪ್ಪ ತನ್ನ ಹೆಬ್ಬೆರಳನ್ನು ಒಮ್ಮೆ ನೋಡಿಕೊಳ್ಳುತ್ತಿದ್ದ.

ಆ ವರ್ಷ ವೈಶಾಖದಲ್ಲಿ ಉದ್ದನಪಲ್ಲಿಯ ಒಂದು ಮದುವೆ ಬಂತು. ಹುಡುಗಿ ಆದಿಲಕ್ಷ್ಮಿ. ಹುಡುಗ ಗುಮ್ಮಳಾಪುರದ ಗೋಪಾಲಪ್ಪ, ಹೊಸೂರಿನಲ್ಲಿ ಫ್ಯಾಕ್ಟರಿ ಕೆಲಸ. ಹುಡುಗಿಯ ಸೋದರತ್ತೆ ಹನುಮಕ್ಕ ಕಳಸ ಹಿಡಿದಿದ್ದಳು. ಬಾವಿಯ ಹತ್ತಿರ ಪೂಜೆ ಮಾಡಿ, ಕಳಸಕ್ಕೆ ನೀರು ತುಂಬಿ, ವೀಳ್ಯದೆಲೆ ಕಾಯಿ ಇಟ್ಟು ಚಪ್ಪರದವರೆಗೆ ತರುವ ಶಾಸ್ತ್ರ. ಮದುಮಗಳು ಕಳಸ ಹಿಡಿದವಳ ಸೆರಗಿನ ತುದಿ ಹಿಡಿದುಕೊಂಡು ಹಿಂದೆ ಬರಬೇಕು. ನೀರು ತುಳುಕಬಾರದು. ಹನುಮಕ್ಕ ಒಂದು ಹೆಜ್ಜೆ ಇಡುತ್ತಿದ್ದಳು, ನಿಲ್ಲುತ್ತಿದ್ದಳು, ಹಿಂದೆ ಸೆರಗು ಸಡಿಲವಾದ ಮೇಲೆ ಮತ್ತೊಂದು ಹೆಜ್ಜೆ. ವಾಲಗದವರು ಒಂದೇ ರಾಗ ಎಳೆದೂ ಎಳೆದೂ ಕೆನ್ನೆ ನೋಯಿಸಿಕೊಂಡರು. ಲೈಟು ಹಿಡಿದಿದ್ದ ಕದಿರಪ್ಪನ ತೋಳು ಸೋತುಹೋಯಿತು.

ಎಡಿಟಿಂಗಿಗೆ ಕೂತ ದಿನ ರಾಮಚಂದ್ರಪ್ಪ ಹಿಂದೆ ನಿಂತು ನೋಡಿ, “ಆಯಮ್ಮ ಚಪ್ಪರ ಸೇರೋಷ್ಟರಲ್ಲಿ ನಾವು ಬೆಂಗಳೂರಿಗೆ ಹೋಗಿ ಬಂದ್ಬುಡಬೌದು ಕಣಪ್ಪ,” ಅಂದ. “ಒಂದೇ ಕ್ಯಾಸೆಟ್ಟಲ್ಲಿ ಮದುವೆ ಎಲ್ಲ ಕೂತ್ಕೋಬೇಕು. ಓಡ್ಸು ಅವರ್ನ.”

ಕದಿರಪ್ಪ ಓಡಿಸಿದ. ಮೊದಲು ಮಾಮೂಲಿ, ಆಮೇಲೆ ಡಯಲ್ಲನ್ನು ಕೂದಲೆಳೆಯಷ್ಟೇ ಬಲಕ್ಕೆ, ಇನ್ನಷ್ಟು ಬಲಕ್ಕೆ. ಹನುಮಕ್ಕ ಕಳಸ ಹೊತ್ತುಕೊಂಡು ಬಸ್ಸು ತಪ್ಪಿತೆಂಬಂತೆ ಓಡತೊಡಗಿದಳು. ಅವಳ ಹಿಂದೆ ಮದುಮಗಳು ಎದ್ದು ಬಿದ್ದು, ಎದ್ದು ಬಿದ್ದು ಬರುತ್ತಿದ್ದಳು. ಕದಿರಪ್ಪ ಅದನ್ನು ನೋಡಿದ. ಮದುವೆಮನೆಯಲ್ಲಿ ಕಾಣದ್ದು ಇಲ್ಲಿ ಕಂಡಿತು: ಹುಡುಗಿಯ ಒಂದು ಕಾಲು ತುಸು ಗಿಡ್ಡ. ಹನುಮಕ್ಕ ನಿಂತು ನಿಂತು ನಡೆದದ್ದು ಯಾಕೆಂದು ಆಗ ತಲೆಗೆ ಹೊಳೆಯಿತು. ಹೊಳೆದ ಹೊತ್ತಿಗೇ ರಾಮಚಂದ್ರಪ್ಪ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. “ಸೂಪರ್ ಕಣ್ಲಾ. ಇದಕ್ಕೊಂದು ಕಾಮಿಡಿ ಮ್ಯೂಸಿಕ್ ಹಾಕು.” ಯಜಮಾನ ಹಾಗೆ ಹೊಗಳಿದ್ದು ಅದೇ ಮೊದಲು. ಕದಿರಪ್ಪನಿಗೂ ನಗು ಬಂತು. ಯಾರು ಅಷ್ಟು ಕಣ್ಣಿಟ್ಟು ನೋಡುತ್ತಾರೆ ಎಂದುಕೊಂಡು, ಕತ್ತೆ ಓಡುವಾಗ ಹಾಕುವಂಥ ಒಂದು ವಾದ್ಯ ಹುಡುಕಿ ತುಂಬಿದ. ಆ ವಾರವೇ ಕ್ಯಾಮೆರಾದ ಕ್ಯಾಸೆಟ್ಟಿನ ಮೇಲೆ ಬೇರೆ ಮದುವೆ ತುಂಬಿಸಿಯಾಯಿತು. ಖಾಲಿ ಕ್ಯಾಸೆಟ್ಟಿಗೆ ದುಡ್ಡು ಹಾಕುವುದು ರಾಮಚಂದ್ರಪ್ಪನ ಜಾಯಮಾನದಲ್ಲೇ ಇರಲಿಲ್ಲ.

ಗುಮ್ಮಳಾಪುರದಲ್ಲಿ ಕ್ಯಾಸೆಟ್ ತೋರಿಸುವ ಸಂಜೆ ಟೀವಿ, ಡೆಕ್ ಹೊತ್ತುಕೊಂಡು ಹೋದವನೂ ಅವನೇ. ಹುಡುಗನ ತಾಯಿ ಮುನಿಗಂಗಮ್ಮ ಅಂಗಳಕ್ಕೆ ಸಗಣಿ ಸಾರಿಸಿ, ನೆಂಟರಿಗೆಲ್ಲ ಚಾಪೆ ಹಾಸಿಸಿದ್ದಳು. ಆದಿಲಕ್ಷ್ಮಿ ಬಾಗಿಲ ಹತ್ತಿರ ಕಾಫಿ ಲೋಟಗಳ ತಟ್ಟೆ ಹಿಡಿದು ನಿಂತಿದ್ದಳು. ಕಳಸದ ಓಟ ಬಂದದ್ದೇ ತಡ, ಅಂಗಳ ಹೋ ಎಂದು ನಕ್ಕಿತು. ಮುನಿಗಂಗಮ್ಮ ಕಣ್ಣೊರೆಸಿಕೊಳ್ಳುತ್ತ ನಕ್ಕಳು. ಡೆಕ್ಕಿನ ಪಕ್ಕ ಕೂತಿದ್ದ ಕದಿರಪ್ಪ ಆ ನಗುವನ್ನು ತನ್ನ ಸಂಬಳಕ್ಕೆ ಸೇರಿಸಿಕೊಳ್ಳುತ್ತಿದ್ದ.

ಆಗ ಚಾಪೆಯ ಮೇಲಿಂದ ಒಬ್ಬ, “ಎಲಾ, ಹಿಂದ್ಗಡೆ ಹುಡ್ಗಿ ಯಾಕ್ಲಾ ಹಂಗೆ ಕುಂಟ್ತೈತೆ?” ಅಂದ.

“ಅದು ಮೆಷಿನ್ ದೋಷ ಅಣ್ಣ,” ಅಂದ ಕದಿರಪ್ಪ ತಟ್ಟನೆ.

“ಓಹೋ, ಕುಂಟೋದು ಮೆಷಿನ್ನಾ? ಮುಂದ್ಗಡೆಯಮ್ಮ ನೆಟ್ಟಗೇ ಓಡ್ತಾವ್ಳಲ್ಲ?”

ಅಂಗಳ ಮತ್ತೆ ನಕ್ಕಿತು. ಬಾಗಿಲಲ್ಲಿ ಈಗ ಯಾರೂ ಇರಲಿಲ್ಲ. ತಟ್ಟೆ ಮಾತ್ರ ಹೊಸ್ತಿಲ ಮೇಲಿತ್ತು. ಕದಿರಪ್ಪನ ಬೆರಳು ನಿಲ್ಲಿಸುವ ಗುಂಡಿಯ ಮೇಲೇ ಇತ್ತು. ಒತ್ತಲಿಲ್ಲ. ನಡುವೆ ನಿಲ್ಲಿಸಿದರೆ ಕ್ಯಾಸೆಟ್ ಸರಿಯಿಲ್ಲ ಅಂದುಕೊಂಡಾರು ಎಂಬ ಯೋಚನೆ ಬಂದಿತ್ತು ಅವನಿಗೆ, ಆ ಹೊತ್ತಿನಲ್ಲೂ.

ಆಷಾಢ ಬಂತು. ಹೊಸ ಸೊಸೆ ತೌರಿಗೆ ಹೋಗುವ ತಿಂಗಳು. ಆದಿಲಕ್ಷ್ಮಿ ಉದ್ದನಪಲ್ಲಿಗೆ ಹೋದಳು. ಶ್ರಾವಣ ಬಿದ್ದ ಮೇಲೆ ಅತ್ತೆಮನೆಯವರು ಬಂದು ಕರೆದುಕೊಂಡು ಹೋಗಬೇಕು. ಶ್ರಾವಣ ಬಿತ್ತು, ಅದರ ಹಬ್ಬಗಳು ಒಂದೊಂದಾಗಿ ಕಳೆದವು, ಗುಮ್ಮಳಾಪುರದಿಂದ ಯಾರೂ ಬರಲಿಲ್ಲ. ಈ ಸುದ್ದಿಯನ್ನು ಕದಿರಪ್ಪನಿಗೆ ತಂದವಳು ಹನುಮಕ್ಕ. ಒಂದು ಮಧ್ಯಾಹ್ನ ಸ್ಟುಡಿಯೋದ ಮರದ ಮೆಟ್ಟಿಲು ಹತ್ತಿ ಬಂದಳು, ಒಂದು ಹೆಜ್ಜೆ, ನಿಂತು, ಇನ್ನೊಂದು ಹೆಜ್ಜೆ. ಅವಳ ನಡಿಗೆಯೇ ಅಂಥದ್ದೇನೋ ಎಂದು ಕದಿರಪ್ಪ ಒಂದು ಕ್ಷಣ ಸಮಾಧಾನಪಟ್ಟುಕೊಂಡ. ಆಮೇಲೆ ನೋಡಿದರೆ ಮೆಟ್ಟಿಲು ಮುರಿದಿತ್ತು.

“ನಮ್ಮನ್ನ ಓಡ್ಸಿದೋನು ನೀನೇನಾ ಮಗ?”

“ಕೂತ್ಕೊಳ್ಳಿ ಅಮ್ಮ. ಸೋಡಾ ತರ್ಲಾ?”

“ಸೋಡಾ ಬ್ಯಾಡ. ನನ್ನ ಓಡ್ಸಿದ್ದಕ್ಕೆ ನಾನೇನೂ ಅನ್ನಾಕಿಲ್ಲ. ಊರ ಹುಡುಗ್ರು ನನ್ನ ಕಂಡ್ರೆ ತಲೆ ಮ್ಯಾಲೆ ಚೆಂಬಿಟ್ಕೊಂಡು ಓಡ್ತವೆ, ಓಡ್ಲಿ. ಆ ಮಗೂನ ಯಾಕಪ್ಪ ಓಡ್ಸಿದೆ?”

“ಗೊತ್ತಾಗ್ಲಿಲ್ಲ ಅಮ್ಮ. ನಂಗೆ ಕಾಲು ಕಾಣ್ಲೇ ಇಲ್ಲ.”

ಹನುಮಕ್ಕ ಡೆಕ್ಕುಗಳ ಕಡೆ ನೋಡಿದಳು, ಅವುಗಳ ಮುಂದಿದ್ದ ದೊಡ್ಡ ಟೀವಿಯ ಕಡೆ ನೋಡಿದಳು. “ಇಷ್ಟು ದೊಡ್ಡದ್ರಲ್ಲಿ ಕಾಣ್ಲಿಲ್ವಾ,” ಎಂದಳಷ್ಟೆ. ಗೋಪಾಲಪ್ಪ ಭಾನುವಾರ ಭಾನುವಾರ ಯಾರಿಗೂ ಹೇಳದೆ ಉದ್ದನಪಲ್ಲಿಗೆ ಬಂದು ಹೆಂಡತಿಗೆ ಹೂವು ಕೊಟ್ಟು ಹೋಗುತ್ತಾನಂತೆ. ‘ಅಮ್ಮನ್ನ ಕರ್ಕೊಂಡ್ ಬಾ’ ಅಂದರೆ ನೆಲ ನೋಡುತ್ತಾನಂತೆ. ಕಾಲಿನ ವಿಷಯ ಮುನಿಗಂಗಮ್ಮನಿಗೆ ಗೊತ್ತಿತ್ತೋ ಇಲ್ಲವೋ ಹನುಮಕ್ಕನಿಗೆ ತಿಳಿಯದು. ಹೆಣ್ಣು ನೋಡುವ ಮಾತೆಲ್ಲ ಗಂಡಸರೇ ಆಡಿದ್ದರು. “ಕೆಡ್ಸಿದೋನು ನೀನು. ಸರಿ ಮಾಡೋದಾದ್ರೆ ಮಾಡು,” ಎಂದು ಹೇಳಿ ಅದೇ ಮೆಟ್ಟಿಲು ಇಳಿದು ಹೋದಳು.

ಕದಿರಪ್ಪನಿಗೆ ಗೊತ್ತಿದ್ದ ಸರಿ ಮಾಡುವ ದಾರಿ ಒಂದೇ. ಡಯಲ್ಲು. ಮೂಲ ಕ್ಯಾಸೆಟ್ ಇಲ್ಲದ ಮೇಲೆ, ಗುಮ್ಮಳಾಪುರದಿಂದ ಡೆಕ್ಕಿನ ಜೊತೆಗೇ ವಾಪಸು ಬಂದಿದ್ದ ಓಡಿಸಿದ ನಕಲನ್ನೇ ಹಾಕಿ, ಎಡಕ್ಕೆ ತಿರುಗಿಸಿ, ನಿಧಾನಕ್ಕೆ ಇನ್ನೊಂದು ನಕಲು ಮಾಡಿದ. ಓಡಿಸುವಾಗ ನಡುನಡುವಿನ ಹೆಜ್ಜೆಗಳೇ ಹಾರಿಹೋಗಿದ್ದವು. ನಿಧಾನ ಮಾಡಿದರೆ ಅವು ಮರಳಿ ಬರುತ್ತವೆಯೇ? ಹನುಮಕ್ಕನೂ ಮದುಮಗಳೂ ನೆಲ ಮುಟ್ಟದೆ, ನೀರಿನ ಮೇಲೆ ಬಿದ್ದ ಎಲೆಗಳ ಹಾಗೆ ತೇಲಿಬಂದರು. ಕಾಲು ಎಲ್ಲೂ ಕಾಣಲಿಲ್ಲ. ಅದಕ್ಕೊಂದು ವೀಣೆ ಹಾಕಿದ. ನೋಡುತ್ತ ನೋಡುತ್ತ ಅವನಿಗೇ ಕಣ್ಣು ಒದ್ದೆಯಾಯಿತು. ಮುಂದಿನ ಗಳಿಗೆಯಲ್ಲಿ, ತಾನು ಅಳುತ್ತಿರುವುದು ತನ್ನ ಎಡಿಟಿಂಗಿಗೆ ಎಂದು ತಿಳಿದು ನಾಚಿಕೆಯಾಗಿ ಟೀವಿ ಆರಿಸಿದ.

ಮಾರನೆಯ ದಿನ ರಜೆ ಕೇಳಿದರೆ ರಾಮಚಂದ್ರಪ್ಪ, “ಯಾರೋ ನಡೆದ್ರೆ ನಿಂಗ್ಯಾಕ್ಲಾ ಕಾಲು ನೋವು?” ಎಂದು ಅರ್ಧ ದಿನದ ಸಂಬಳ ಮುರಿದ. ಕದಿರಪ್ಪ ಎರಡೂ ಕ್ಯಾಸೆಟ್ ಚೀಲಕ್ಕೆ ಹಾಕಿಕೊಂಡು ತಳಿ ಊರಿನ ಕಡೆಯ ಬಸ್ಸು ಹತ್ತಿದ. ಗುಮ್ಮಳಾಪುರದಲ್ಲಿ ಮುನಿಗಂಗಮ್ಮ ಜಗಲಿಯ ಮೇಲೆ ಕೂತು ಹುರುಳಿ ಕೇರುತ್ತಿದ್ದಳು. ಮೊರ ನಿಲ್ಲಿಸಲಿಲ್ಲ.

“ಅಮ್ಮ, ಆವತ್ತಿಂದು ತಪ್ಪಾಗಿತ್ತು. ಈಗ ಸರಿ ಮಾಡ್ಕೊಂಡ್ ಬಂದಿವ್ನಿ. ಈ ಕ್ಯಾಸೆಟ್ಟಲ್ಲಿ ಕಾಲು ಒಂಚೂರೂ ಕಾಣಾಕಿಲ್ಲ. ನೆಂಟ್ರನ್ನೆಲ್ಲ ಇನ್ನೊಂದ್ಸಾರಿ ಕರೀರಿ, ಟೀವಿ ನಾನೇ ತತ್ತೀನಿ.”

“ಯಾರ ಕಾಲು?”

“ಸೊಸೆಮ್ಮಂದು.”

“ಅವಳ ಕಾಲು ನಾನು ನೋಡಿಲ್ಲ ಅಂದ್ಕೊಂಡಿದ್ದೀಯೇನಲಾ?” ಮುನಿಗಂಗಮ್ಮ ಮೊರ ಕೆಳಗಿಟ್ಟಳು. “ಗಂಡಸ್ರು ಕಾಫಿ ಕುಡ್ಕೊಂಡು ಸಂಬಂಧದ ಮಾತಾಡ್ತಿದ್ರೆ ನಾನು ಹಿತ್ತಲಿಗೆ ಹೋಗಿದ್ದೆ. ಎರಡು ಬಿಂದಿಗೆ ನೀರು ಹೊತ್ಕೊಂಡು ಬತ್ತಾ ಇದ್ಲು, ಒಂದು ತೊಟ್ಟೂ ಚೆಲ್ಲಿರ್ಲಿಲ್ಲ. ಇವ್ಳೇ ಇರ್ಲಿ ಅಂದೋಳು ನಾನು.”

“ಮತ್ತೆ ಕರ್ಕೊಂಡ್ ಬರಾಕೆ…”

“ಏನಂತ ಹೋಗ್ಲಿ? ನನ್ನ ಅಂಗಳದಾಗೆ, ನಾನೇ ಚಾಪೆ ಹಾಸಿ ಕುಂಡ್ರಿಸಿದ ಜನ ನಕ್ರು. ಅವ್ರ ಜೊತೇಲಿ ನಾನೂ ನಕ್ಕೆ. ನಗ್ತಾ ಬಾಗ್ಲು ಕಡೆ ತಿರುಗ್ದೆ ನೋಡು, ಆ ಮಗಾ ನನ್ನೇ ನೋಡ್ತಾ ಇತ್ತು. ಆಮ್ಯಾಕೆ ತೌರಿಗೆ ಹೊರಡೋಗಂಟ ನಾನು ಅದರ ಮುಖ ನೋಡಿ ಒಂದು ಮಾತಾಡ್ಲಿಲ್ಲ. ಬಡಿಸ್ದಾಗ ತಟ್ಟೆ ನೋಡ್ದೆ, ಹೊರಟಾಗ ಬಸ್ಸು ನೋಡ್ದೆ.”

ಕದಿರಪ್ಪನ ಕೈಯಲ್ಲಿದ್ದ ಕ್ಯಾಸೆಟ್ ತಾನಾಗಿಯೇ ಚೀಲಕ್ಕೆ ಇಳಿಯಿತು. ಅದರೊಳಗಿದ್ದದ್ದಕ್ಕೂ ಇಲ್ಲಿ ಕೂತಿದ್ದ ಹೆಂಗಸಿನ ಕಷ್ಟಕ್ಕೂ ಸಂಬಂಧವೇ ಇರಲಿಲ್ಲ.

“ನೀನ್ಯಾಕೆ ಹಂಗೆ ಓಡ್ಸಿದೆ?” ಮುನಿಗಂಗಮ್ಮ ಕೇಳಿದಳು. “ಕಾಣ್ಲಿಲ್ವಾ ನಿಂಗೆ?”

“ಇಲ್ಲಮ್ಮ,” ಅಂದ ಕದಿರಪ್ಪ. ಎರಡನೆಯ ಸಲ ಹೇಳುವಾಗ ಸುಳ್ಳು ಮೊದಲಿಗಿಂತ ಸಲೀಸಾಗಿ ಬಂತು. ಬಾಯಿಗೂ ಒಂದು ಹದ ಕೂಡಿಬರುತ್ತದೆ.

ಮುನಿಗಂಗಮ್ಮ ಮೊರದ ಹುರುಳಿಯನ್ನು ಚೀಲಕ್ಕೆ ಸುರಿದಳು. ಆಮೇಲೆ ಎದ್ದು ಒಳಗೆ ಹೋಗಿ ಸೀರೆ ಬದಲಿಸಿಕೊಂಡು, ಹೂವು, ಬಾಳೆಹಣ್ಣು, ರವಿಕೆಬಟ್ಟೆ ಇಟ್ಟ ಬುಟ್ಟಿ ಹಿಡಿದು ಬಂದಳು. “ನಡಿ. ನೀನೂ ಬತ್ತೀಯ. ಒಬ್ಬಳೇ ಹೋಗಾಕೆ ನಂಗೆ ಕಾಲು ಏಳಾಕಿಲ್ಲ. ನಗಿಸ್ದೋನು ಒಬ್ಬ ಪಕ್ಕದಾಗಿರ್ಲಿ.”

ಹೊಸೂರಿನಲ್ಲಿ ಬಸ್ಸು ಬದಲಿಸಿ ಉದ್ದನಪಲ್ಲಿಗೆ ಹೋಗುವ ದಾರಿಯುದ್ದಕ್ಕೂ ಬುಟ್ಟಿ ಕದಿರಪ್ಪನ ತೊಡೆಯ ಮೇಲಿತ್ತು. ಆದಿಲಕ್ಷ್ಮಿ ಹೊರಜಗಲಿಯಲ್ಲಿ ಮಿಷನ್ನಿನ ಮುಂದೆ ಕೂತು ರವಿಕೆ ಹೊಲಿಯುತ್ತಿದ್ದಳು. ಹನುಮಕ್ಕ ಒಳಗಿಂದ ಬಂದು ಚೊಂಬಿನಲ್ಲಿ ನೀರು ಕೊಟ್ಟಳು.  ಮೊದಲು ಬಾಯಿ ಬಿಟ್ಟವನು ಕದಿರಪ್ಪನೇ.

“ಅಕ್ಕ, ಕ್ಯಾಸೆಟ್ ಸರಿ ಮಾಡಿವ್ನಿ. ಬೋ ನಿಧಾನಕ್ಕೆ ಹಾಕಿವ್ನಿ. ಇದರಾಗೆ ನಿಮ್ಮ ಕಾಲು ಕಾಣಾಕೇ ಇಲ್ಲ.”

ಆದಿಲಕ್ಷ್ಮಿ ಸೂಜಿಯ ಕೆಳಗಿಂದ ಬಟ್ಟೆ ಬಿಡಿಸಿಕೊಂಡಳು. “ಕಾಲೇ ಇಲ್ದಂಗೆ ಮಾಡ್ಕೊಂಡ್ ಬಂದ್ರಾ ಅಣ್ಣ?”

“ಹಂಗಲ್ಲ…”

“ನಾನು ನಡೆದಂಗೇ ಇರೋದು ಇಲ್ವಾ? ಓಡ್ಸದಲೆ, ತೇಲಿಸ್ದಲೆ?”

“ಅದರ ಮ್ಯಾಲೆ ಬೇರೆಯವರ ಮದುವೆ ತುಂಬ್ಬುಟ್ವಿ ಅಕ್ಕ.”

“ಹೂಂ,” ಅಂದಳು. ಆಮೇಲೆ, ಅವನಿಗೋ ಜಗಲಿಗೋ ಹೇಳುವವಳಂತೆ, “ನಮ್ಮ ಹನುಮತ್ತೆ ನಿಂತು ನಿಂತು ನಡೆದಿದ್ದು ನನ್ನ ಕಾಲು ಮುಚ್ಚಾಕಲ್ಲ. ಹೊಸ ಸೀರೆ, ಎಡವಿ ಬಿದ್ದೇನು ಅಂತ. ನಾನು ಸೆರಗು ಸಡಿಲ ಬಿಟ್ರೆ ಬಂದೆ ಅಂತ ಅವಳಿಗೆ ಗುರ್ತು. ಅದೇ ನಂಗೆ ಮದುವೇಲಿ ಚೆಂದ ಕಂಡಿದ್ದು,” ಎಂದಳು.

ಹನುಮಕ್ಕ ಚೊಂಬು ಇಟ್ಟು ಬರುವ ನೆಪದಲ್ಲಿ ಒಳಗೆ ಹೋದಳು. ಮುನಿಗಂಗಮ್ಮ ಇನ್ನೂ ಕೂತಿರಲಿಲ್ಲ.

“ನಾನು ನಕ್ಕೆ ಕಣವ್ವ,” ಅಂದಳು.

“ಕಂಡೆ ಅತ್ತೆಮ್ಮ.”

“ಕಂಡೆ ಅಂತ ಗೊತ್ತು. ಅದಕ್ಕೇ ಬರಾಕೆ ಮುಖ ಇರ್ಲಿಲ್ಲ. ಈಗ್ಲೂ ಇಲ್ಲ. ಇವನ್ನ ಹಿಡ್ಕೊಂಡ್ ಬಂದೆ.”

ಆದಿಲಕ್ಷ್ಮಿ ಕದಿರಪ್ಪನನ್ನೊಮ್ಮೆ, ಬುಟ್ಟಿಯನ್ನೊಮ್ಮೆ ನೋಡಿದಳು. “ನಕ್ಕಿದ್ದಕ್ಕಿಂತ, ಆಮ್ಯಾಕೆ ನೀವು ನನ್ನ ಕಡೆ ನೋಡ್ದೆ ಹೋದ್ರಲ್ಲ, ಅದೇ ಕಷ್ಟ ಆಗಿದ್ದು. ಕಳಿಸ್ಬುಟ್ರೇನೋ ಅಂತ ಮಿಷನ್ ಕಲಿಯಾಕೆ ಶುರು ಮಾಡ್ದೆ.” ಹೊಲಿಯುತ್ತಿದ್ದ ರವಿಕೆಯನ್ನು ಮಡಿಸಿದಳು, ಅವಸರವಿಲ್ಲದೆ, ತೋಳಿಗೆ ತೋಳು ಸೇರಿಸಿ. “ಇದೊಂದು ಕೊಕ್ಕೆ ಹಾಕಾಕೈತೆ. ಅಲ್ಲಿ ಬಂದು ಹಾಕ್ತೀನಿ. ಮಿಷನ್ನೂ ಆಮೇಲೆ ತರಿಸ್ಕೊಡ್ಬೇಕು.”

“ತರಿಸ್ತೀನಿ,” ಅಂದಳು ಮುನಿಗಂಗಮ್ಮ. ಆಗ ಕೂತಳು, ಜಗಲಿಯ ಅಂಚಿನಲ್ಲಿ.

ಊಟ ಮಾಡಿಸಿ, ಮಡಿಲು ತುಂಬಿ ಹೊರಡಿಸಿದರು. ಹೊರಡುವ ಮುಂಚೆ ಆದಿಲಕ್ಷ್ಮಿ ಕೈ ಚಾಚಿ ಎರಡೂ ಕ್ಯಾಸೆಟ್ಟುಗಳನ್ನು ಈಸಿಕೊಂಡು ತನ್ನ ಚೀಲದ ತಳಕ್ಕೆ ಹಾಕಿದಳು. 

ರಸ್ತೆಗೆ ಬರುವಾಗ ದೂರದಲ್ಲಿ ಬಸ್ಸು ಬಂದು ನಿಂತಿತ್ತು. ಚೀಲ, ಬುಟ್ಟಿ ಹೊತ್ತ ಕದಿರಪ್ಪ ಅತ್ತೆ ಸೊಸೆಯರ ಜೊತೆಯಲ್ಲೇ ಹೊರಟಿದ್ದ; ನೋಡಿದರೆ ಒಬ್ಬನೇ ಮುಂದಿದ್ದಾನೆ. ನಿಂತ. ಅವರು ಬಂದು ಕೂಡಿಕೊಂಡರು. ಮತ್ತೆ ಹೊರಟ, ಮತ್ತೆ ಮುಂದಿದ್ದಾನೆ. ಮದುವೆಗಳನ್ನು ಬೇಕಾದ ವೇಗಕ್ಕೆ ಇಳಿಸಿ ಏರಿಸಿದ ಮನುಷ್ಯನಿಗೆ ತನ್ನ ಕಾಲನ್ನು ಇನ್ನೊಬ್ಬರ ಕಾಲಿನ ಲೆಕ್ಕಕ್ಕೆ ತರಲು ಆಗುತ್ತಿರಲಿಲ್ಲ. ಆದಿಲಕ್ಷ್ಮಿ ತನ್ನ ಪಾಡಿಗೆ ತಾನು ಬರುತ್ತಿದ್ದಳು, ಒಂದು ಹೆಜ್ಜೆ ಉದ್ದ, ಒಂದು ಗಿಡ್ಡ. ಬಸ್ಸಿನ ಕಿಟಕಿಗಳ ತುಂಬ ತಲೆಗಳು.

“ಸೀಕ್ರಂ ವಾಂಗಮ್ಮ,” ಎಂದು ತಮಿಳಿನಲ್ಲಿ ಅವಸರಪಡಿಸುತ್ತ ಕಂಡಕ್ಟರು ಬಾಗಿಲು ಬಡಿದ.

“ಇರುಯ್ಯಾ, ಎನ್ ಮರುಮಗ ವರ್ರಾ,” ಎಂದಳು ಮುನಿಗಂಗಮ್ಮ. ನನ್ನ ಸೊಸೆ ಬರ್ತಾವ್ಳೆ, ತಾಳು, ಎಂದು ತನಗೆ ಬರುವ ಅಷ್ಟಿಷ್ಟು ತಮಿಳಿನಲ್ಲಿ, ಇಡೀ ಬಸ್ಸಿಗೆ ಕೇಳುವ ಹಾಗೆ. ಕಂಡಕ್ಟರು ಊದಲು ಬಾಯಿಗಿಟ್ಟಿದ್ದ ಸೀಟಿಯನ್ನು ತೆಗೆದ.

ಒಳಗೆ ಇಬ್ಬರ ಸೀಟು ಸಿಕ್ಕಿತು ಅತ್ತೆ ಸೊಸೆಗೆ. ಹಿಂದಿನ ಸೀಟು ಖಾಲಿಯಿದ್ದರೂ ಕದಿರಪ್ಪ ಕೂರಲಿಲ್ಲ, ಕಂಬಿ ಹಿಡಿದು ನಿಂತ. ಬಸ್ಸು ಹೊರಟ ಮೇಲೆ ಆದಿಲಕ್ಷ್ಮಿ ತಿರುಗಿ ನೋಡಿದಳು.

“ಅಣ್ಣ, ಒಂದು ಮಾತು. ಅಂಗಡೀಲಿ ಕೂತು ಓಡ್ಸುವಾಗ ನಿಮಗೆ ಕಂಡಿತ್ತಾ?”

ಮುನಿಗಂಗಮ್ಮನೂ ತಿರುಗಿದಳು. ಇಲ್ಲ ಎನ್ನುವ ಮಾತು ನಾಲಿಗೆಯ ತುದಿಯಲ್ಲೇ ಇತ್ತು, ಎರಡು ಸಲ ಬಳಸಿ ನಯವಾದ ಮಾತು.

“ಕಂಡಿತ್ತು ಅಕ್ಕ,” ಅಂದ. “ನಾನೂ ನಕ್ಕೆ.”

ಅವಳು ತಲೆಯಾಡಿಸಿದಳು. ಪರವಾಗಿಲ್ಲ ಅನ್ನಲಿಲ್ಲ. ಕಿಟಕಿಯ ಕಡೆ ತಿರುಗಿ, ಗಾಳಿಗೆ ಹಾರುತ್ತಿದ್ದ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಕಂಡಕ್ಟರು ಬಂದು ಟಿಕೆಟ್ ಕೇಳಿದ. ಮುನಿಗಂಗಮ್ಮ ತನಗೂ ಸೊಸೆಗೂ ತೆಗೆದುಕೊಂಡು, ಹಿಂದೆ ಕೈ ತೋರಿಸಿ, “ಅವನ್ದು ಅವನೇ ತಕ್ಕತಾನೆ,” ಅಂದಳು. ಕದಿರಪ್ಪ ಜೇಬಿಗೆ ಕೈ ಹಾಕಿದ.